ಬೆಂಗಳೂರಿನಲ್ಲಿ ಹೊರಗಿನ ಊಟ

ಅನ್ನವನ್ನು ದಾನಮಾಡಬೇಕು, ಮಾರಬಾರದು ಎಂಬುದು ನಮ್ಮ ಹಿರಿಯರ ಭಾವನೆ. ಅನ್ನವಿಕ್ರಯವನ್ನು ಅವರು ಪಾಪಗಳ ಸಾಲಿನಲ್ಲಿ ಎಣಿಸಿದ್ದರು. ಪ್ರಯಾಣ ಹೊರಟವನಿಗೆ ಬುತ್ತಿಯುಂಟು, ದಾರಿಯಲ್ಲಿ ಛತ್ರವುಂಟು, ಊರು ಸೇರಿದರೆ ನಂಟರ ಮನೆಯುಂಟು. ಈ ಮೂರೂ ಒದಗದಿದ್ದರೆ ಆಚಾರವಂತನು ಎರಡು ಬಾಳೆಯ ಹಣ್ಣು ತಿಂದು, ನೀರು ಕುಡಿದು ಮಲಗುತ್ತಿದ್ದನು. ಅವನ ಮೊಮ್ಮಕ್ಕಳು ಈಗ ಭಾನುವಾರ ಬೆಳಗಾದೊಡನೆ, ಮನೆಯಲ್ಲಿ ಒಲೆಯಿದ್ದರೂ, ಹೋಟಲಿನ ಬಾಗಿಲಲ್ಲಿ ಸರದಿ ಕಾಯುತ್ತಾರೆ. ಇದು ಬರಿಯ ನಾಲಗೆಯ ಚಾಪಲ್ಯವೆಂದು ನಕ್ಕು ಬಿಡುವ ವಿಷಯವಲ್ಲ. ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು, ಯಾರ ಪಕ್ಕದಲ್ಲಿ ಯಾರು ಕೂಡಬಹುದು ಎಂಬುದೇ ನಮ್ಮ ಸಮಾಜದ ಅಸ್ತಿವಾರವಾಗಿತ್ತು. ಆ ಅಸ್ತಿವಾರ ಹೋಟಲಿನಲ್ಲಿ ಹೇಗೆ ಅಲುಗಿತೆಂಬುದನ್ನು ನೋಡೋಣ.

1949ರವರೆಗೆ ಬೆಂಗಳೂರು ಆಡಳಿತದಲ್ಲಿ ಒಂದೂರಾಗಿರಲಿಲ್ಲ. ದಂಡು ಒಂದು, ಪೇಟೆ ಒಂದು. ಇಂಗ್ಲಿಷರ ಸೌಕರ್ಯಕ್ಕಾಗಿ ಬ್ರಾನ್ಸನ್ ಎಂಬ ದೊರೆಸಾನಿ 1887ರಲ್ಲಿ ತೆರೆದ ವಸತಿಗೃಹವೇ ಮುಂದೆ ವೆಸ್ಟ್ ಎಂಡ್ ಹೋಟಲಾಗಿ ಬೆಳೆಯಿತು. ಪೇಟೆಯ ಸಾಮಾನ್ಯ ಗೃಹಸ್ಥನಿಗೆ ಅಂಥ ಮೇಜು ಎಟುಕುವಂತಿರಲಿಲ್ಲ. ಎಟುಕಿದ್ದರೂ ಅವನಿಗೆ ಅದು ಬೇಕಾಗಿರಲಿಲ್ಲವೆನ್ನಿ. ಆ ಅಡಿಗೆಯ ಹೆಸರೆತ್ತಿದರೆ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು.

ಪೇಟೆಯವನಿಗೆ ಬೇಕಾದ ಹೋಟಲನ್ನು ತಂದವರು ಕರಾವಳಿಯವರು. ಉಡುಪಿಯ ಸೀಮೆಯ ಪರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಇಲ್ಲಿ ಒಂದು ಸಣ್ಣ ಹೋಟಲನ್ನು ತೆರೆದರು. ಇಂದು ಎಂ.ಟಿ.ಆರ್. ಎಂದು ಲೋಕವೆಲ್ಲ ಬಲ್ಲ ಆ ಸ್ಥಳದ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಅಂದಿನ ಹಲಗೆಗಳ ಮೇಲೆ ಕಾಣುತ್ತಿದ್ದ ಈ ‘ಬ್ರಾಹ್ಮಣ’ ಶಬ್ದವನ್ನು ಜಂಬವೆಂದಷ್ಟೇ ತಿಳಿಯಬಾರದು. ಅದೊಂದು ವ್ಯಾಪಾರದ ಭರವಸೆ. ಹಣ ಕೊಟ್ಟು ಉಂಡರೂ ಇಲ್ಲಿ ಜಾತಿ ಕೆಡುವುದಿಲ್ಲವೆಂದು ಗುಮಾಸ್ತನಿಗೂ ವಿದ್ಯಾರ್ಥಿಗೂ ಅದು ಧೈರ್ಯ ಹೇಳುತ್ತಿತ್ತು. ಹಳೆಯ ನಿಯಮವನ್ನು ಮುರಿಯುವ ಸಂಸ್ಥೆ ಆ ನಿಯಮವನ್ನೇ ಹೊದ್ದುಕೊಂಡು ಒಳಗೆ ಬಂದಿತು.

ಹೋಟಲು ನಮ್ಮನ್ನೆಲ್ಲ ಒಟ್ಟಿಗೆ ಕೂಡಿಸಿತೆಂದು ಹೊಗಳುವುದು ವಾಡಿಕೆ. ಹೊಗಳಿಕೆ ಅರ್ಧ ಸತ್ಯ. ದಕ್ಷಿಣದೇಶದ ಎಷ್ಟೋ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನದು. ಅಸ್ಪೃಶ್ಯರೆನಿಸಿಕೊಂಡವರಿಗೆ ಹೊಸಲೂ ಇಲ್ಲ. ರೈಲ್ವೆ ನಿಲ್ದಾಣಗಳ ಉಪಾಹಾರಗೃಹಗಳಲ್ಲಿಯೂ ಈ ಭೇದವಿತ್ತು. ಮಾಂಸದ ಊಟ ಬೇಕಾದವರು ‘ಮಿಲಿಟರಿ ಹೋಟಲು’ ಎಂಬ ಬೇರೆ ಲೋಕಕ್ಕೇ ಹೋಗಬೇಕಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯನ್ನು ತೆರೆದು ನೋಡಿ: ಜಾತಿಯ ಕಾರಣದಿಂದ ಯಾರನ್ನೂ ಅಂಗಡಿ, ಉಪಾಹಾರಗೃಹ, ಹೋಟಲುಗಳಿಂದ ಹೊರಗಿಡಕೂಡದೆಂದು ಅಲ್ಲಿ ಬರೆದಿದೆ. ಅಷ್ಟು ದೊಡ್ಡ ಶಾಸನ ಇಡ್ಲಿ ಕಾಫಿಯ ಅಂಗಡಿಯನ್ನು ಹೆಸರಿಸಿ ಹೇಳಬೇಕಾಯಿತೆಂದರೆ ರೋಗ ಎಲ್ಲಿತ್ತೆಂಬುದು ಸ್ಪಷ್ಟ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇದಕ್ಕೆ ದಂಡನೆಯನ್ನೂ ಗೊತ್ತುಮಾಡಿತು.

ಕಾಯಿದೆಯಷ್ಟೇ ಕುತೂಹಲಕರವಾದ ಇನ್ನೊಂದು ಸಂಗತಿಯಿದೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳ ನಡೆವಳಿಕೆಯನ್ನು ನೋಡಿ ಬಂದರು. ಬಂದವರು ಲೋಟ, ತಟ್ಟೆ, ಚಮಚಗಳನ್ನು ಕ್ರಿಮಿರಹಿತವಾಗಿ ಶುದ್ಧಮಾಡುವ ಕ್ರಮವನ್ನು ತಮ್ಮಲ್ಲಿ ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡುವುದೂ ಅಲ್ಲಿ ರೂಢಿಗೆ ಬಂದಿತು. ಪರರ ದೃಷ್ಟಿ ತಾಕಿದರೆ ಮಡಿ ಕೆಡುವುದೆಂಬ ನಾಡಿನಲ್ಲಿ, ನೋಡಿದ ಮೇಲೆಯೇ ನಂಬಿ ಎನ್ನುವ ಅಡಿಗೆಮನೆ! ಮಡಿಯ ಸ್ಥಾನಕ್ಕೆ ಚೊಕ್ಕಟತನ ಬಂದು ಕುಳಿತಿತು. 1960ರಲ್ಲಿ ಲಾಲ್‌ಬಾಗಿನ ಬಳಿಗೆ ಬಂದಾಗ ಹಲಗೆಯ ಮೇಲೆ ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು: ಮಾವಳ್ಳಿ ಟಿಫಿನ್ ರೂಮ್ಸ್. ಜಾತಿಯ ಹಲಗೆಗಳೆಲ್ಲ ಅಳಿದವೆಂದಲ್ಲ. ಊರಿನಲ್ಲಿ ಹುಡುಕಿದರೆ ಈಗಲೂ ಸಿಗುತ್ತವೆ, ಒಳಗೆ ಯಾರ ಕುಲವನ್ನೂ ಕೇಳುವುದಿಲ್ಲ.

ಕುಳಿತು ಉಣ್ಣುವವರೆಗೆ ಪಂಕ್ತಿಯ ನೆನಪು ಪೂರ್ತಿ ಹೋಗಲಾರದೆಂದು ನನ್ನ ಅಭಿಪ್ರಾಯ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ ಕುರ್ಚಿಯನ್ನೇ ತೆಗೆದುಹಾಕಿತು. ಚೀಟಿ ಕೊಂಡು, ತಟ್ಟೆಯನ್ನು ತಾನೇ ತಂದು, ಎತ್ತರದ ಮೇಜಿನ ಸುತ್ತ ಅಪರಿಚಿತರೊಡನೆ ನಿಂತು ತಿನ್ನುವುದು, ಬೆಲೆಯೂ ಕಡಿಮೆ. ಅದೇ ಮಾದರಿಯ ದರ್ಶಿನಿಗಳು ಊರೆಲ್ಲ ಹಬ್ಬಿದವು. ನಿಂತವರಿಗೆ ಪಂಕ್ತಿಯೆಲ್ಲಿ? ಹಿರಿಯರು ಕಂಡಿದ್ದರೆ ನಿಂತು ಉಣ್ಣುವುದಕ್ಕೇ ಹೆಚ್ಚು ನೊಂದುಕೊಳ್ಳುತ್ತಿದ್ದರೋ ಏನೋ.

ಈಗ ಬಾಗಿಲಲ್ಲಿ ಕೇಳುವುದು ಜೇಬನ್ನು. 2017ರಲ್ಲಿ ಸರಕಾರ ಇಂದಿರಾ ಕ್ಯಾಂಟೀನುಗಳನ್ನು ತೆರೆದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಗೊತ್ತುಮಾಡಿತು. ಅದೇ ಊರಿನ ಹಿರಿಯ ಹೋಟಲೊಂದರಲ್ಲಿ ಅಷ್ಟು ಹಣಕ್ಕೆ ಕುಡಿಯುವ ನೀರೂ ಬಾರದು. ಆ ಬಾಗಿಲಲ್ಲಿ ಪೇಟ ಸುತ್ತಿ ನಿಂತು, ಬಂದವರಿಗೆಲ್ಲ ಕೈಮುಗಿಯುವ ಕಾವಲುಗಾರನು ಮಧ್ಯಾಹ್ನ ಊಟಕ್ಕೆಂದು ಬೀದಿಯ ತಿರುವಿನ ಕೈಗಾಡಿಗೆ ಹೋಗುತ್ತಾನೆ.