ಆಳು ಮಾಡಿದ ಹಾಳು ಯಾರ ತಲೆಗೆ?

‘ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಹಾಳಾದುದನ್ನು ಯಾರು ತುಂಬಿಕೊಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು 1872ರ ಕರಾರು ಕಾಯಿದೆಯಲ್ಲಿ ನೋಡಬೇಕು. ಇನ್ನೊಬ್ಬರ ಪರವಾಗಿ ವ್ಯವಹರಿಸಲು ನೇಮಕಗೊಂಡವನೇ ಏಜೆಂಟನೆಂದು ಅದರ 182ನೆಯ ಕಲಮು ಹೇಳುತ್ತದೆ. ಕೊಟ್ಟ ಅಧಿಕಾರದ ಮಟ್ಟಿಗೆ ಯಜಮಾನ ಬದ್ಧ. ಅಧಿಕಾರವುಂಟೆಂದು ಜನ ನಂಬುವಂತೆ ತಾನೇ ನಡೆದುಕೊಂಡಿದ್ದರೆ 237ನೆಯ ಕಲಮಿನಂತೆ ಆಗಲೂ ಬದ್ಧ.

ಜೀವವಿಮಾ ನಿಗಮದ ಎರಡು ಮೊಕದ್ದಮೆಗಳು ಇದನ್ನು ಒರೆಗೆ ಹಚ್ಚಿದವು. 1987ರ ಜೂನ್‌ನಲ್ಲಿ ಪಾಲಿಸಿದಾರರೊಬ್ಬರು ವಾಯಿದೆ ಮೀರಿದ್ದ ಕಂತನ್ನು ಏಜೆಂಟರ ಕೈಗಿತ್ತರು. ಅದು ನಿಗಮವನ್ನು ಸೇರಿದ್ದು ಆಗಸ್ಟ್ 10ರಂದು; ಅದರ ಹಿಂದಿನ ದಿನವೇ ಅವರು ಅಪಘಾತದಲ್ಲಿ ತೀರಿಕೊಂಡಿದ್ದರು. ಏಜೆಂಟರಿಗೆ ಹಣ ಪಡೆಯುವ ಅಧಿಕಾರವನ್ನು 1972ರ ನಿಬಂಧನೆಗಳು ಕೊಟ್ಟಿರಲಿಲ್ಲ. ಆದ್ದರಿಂದ ವಿಮೆಯ ಮೊತ್ತಕ್ಕೆ ನಿಗಮ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪಿತ್ತಿತು.

ಎರಡು ವರ್ಷಗಳ ಅನಂತರ ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರರೊಬ್ಬರ ವಿಧವೆಯ ಮೊಕದ್ದಮೆ ಬಂದಿತು. ಸಂಬಳದಲ್ಲಿ ಕಂತು ಹಿಡಿದು ಕಳುಹಿಸಬೇಕಾದದ್ದು ಸಂಸ್ಥೆ. ಕಂತು ಕಾಲಕ್ಕೆ ನಿಗಮವನ್ನು ತಲುಪಲಿಲ್ಲ. ಆದರೆ ಈ ವಸೂಲಿಯನ್ನು ಸಂಸ್ಥೆಗೆ ಒಪ್ಪಿಸಿದ್ದು ನಿಗಮವೇ. ಆದಕಾರಣ ಸಂಸ್ಥೆ ನಿಗಮದ ಏಜೆಂಟೇ ಎಂದು ನ್ಯಾಯಾಲಯ ಎಣಿಸಿತು. ವಿಧವೆಗೆ ಹಣ ಸಲ್ಲಬೇಕಾಯಿತು.

ನಂಬಿಕೆ ಎರಡು ಮನೆಗಳಲ್ಲಿಯೂ ಒಂದೇ ಆಗಿತ್ತು. ಫಲ ಮಾತ್ರ ಬೇರೆಯಾಯಿತು. ಕಂತು ಕೊಡುವಾಗ ಪರಿಚಯದ ಮುಖವನ್ನು ನೋಡಿದರೆ ಸಾಲದು, ಪಡೆಯುವ ಅಧಿಕಾರ ಆ ಕೈಗೆ ಯಾರಿಂದ ಬಂದಿತೆಂದು ಕೇಳುವುದು ಕ್ಷೇಮವೆಂದು ನನಗೆ ತೋರುತ್ತದೆ.