ನಕಲು ಮಾಡಲು ಅನುಮತಿಯಿದ್ದ ಸಿ.ಡಿ.

ಕಂಪ್ಯೂಟರ್ ಕೊಂಡು ಮನೆಗೆ ತಂದವರಲ್ಲಿ ಎಷ್ಟು ಮಂದಿ ಅದರೊಳಗಿನ ಕಾರ್ಯಾಚರಣಾ ವ್ಯವಸ್ಥೆಯ ಬೆಲೆಯನ್ನು ವಿಚಾರಿಸಿದ್ದೇವೆ? 2000ದ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾರುತ್ತಿದ್ದ ಅನೇಕ ಯಂತ್ರಗಳಿಗೆ ಕಳ್ಳ ಸಿ.ಡಿ.ಯಿಂದಲೇ ವಿಂಡೋಸ್ ತುಂಬಿಸಲಾಗುತ್ತಿತ್ತು. ಮಾರುವವರು ಅದನ್ನು ಹೇಳುತ್ತಿರಲಿಲ್ಲ, ಕೊಳ್ಳುವವರು ಕೇಳುತ್ತಿರಲಿಲ್ಲ. ಅದೇ ಕಾಲದಲ್ಲಿ ಇನ್ನೊಂದು ಬಗೆಯ ಸಿ.ಡಿ. ಕೂಡ ಕೈಯಿಂದ ಕೈಗೆ ಹೋಗುತ್ತಿತ್ತು. ಅದನ್ನು ನಕಲು ಮಾಡಬಹುದು, ಪಕ್ಕದ ಮನೆಗೆ ಕೊಡಬಹುದು, ಬಲ್ಲವರಾದರೆ ಬಿಚ್ಚಿ ತಿದ್ದಲೂಬಹುದು ಎಂಬ ಅನುಮತಿ ಅದರ ಪರವಾನಗಿಯಲ್ಲೇ ಇತ್ತು. ಲಿನಕ್ಸ್ ಎಂಬ ಹೆಸರಿನ ಆ ಸಿ.ಡಿ.ಯ ಇತಿಹಾಸ ಕೇವಲ ಯಂತ್ರಗಳ ಇತಿಹಾಸವಲ್ಲ. ಜ್ಞಾನ ಯಾರ ಸೊತ್ತು ಎಂಬ ಹಳೆಯ ಪ್ರಶ್ನೆಯೂ ಅದರಲ್ಲಿದೆ.

ಮುದ್ರಣಯಂತ್ರದಿಂದ ಹುಟ್ಟಿದ ಜಗಳ

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪೆನಿಯ ಲೇಸರ್ ಮುದ್ರಣಯಂತ್ರವೊಂದು ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಯಂತ್ರದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಮಾಡಿದ್ದರು. ಹೊಸ ಯಂತ್ರಕ್ಕೆ ಹಾಗೆ ಮಾಡಲು ಆಗಲಿಲ್ಲ, ಏಕೆಂದರೆ ಅದರ ಮೂಲ ಸಂಕೇತವನ್ನು ಕೊಟ್ಟಿರಲಿಲ್ಲ. ಅದು ಇದ್ದವರೊಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಮಾಡಿರುವುದಾಗಿ ಅವರು ಹೇಳಿದರು. ನೆರೆಯವನಿಗೆ ನೆರವಾಗುವುದಿಲ್ಲವೆಂದು ಮುಂಚಿತವಾಗಿಯೇ ಮಾತು ಕೊಡುವುದು ಸರಿಯೇ? ಸ್ಟಾಲ್‌ಮನ್‌ರನ್ನು ಕಾಡಿದ್ದು ಈ ಪ್ರಶ್ನೆ.

1983ರ ಸೆಪ್ಟೆಂಬರ್ 27ರಂದು ಅವರು ಗ್ನು ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಪೂರ್ಣ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವುದು ಅದರ ಗುರಿ. 1989ರಲ್ಲಿ ಬಂದ ಜಿ.ಪಿ.ಎಲ್. ಪರವಾನಗಿ ಈ ಹಕ್ಕುಗಳಿಗೆ ಕಾನೂನಿನ ಬೇಲಿ ಹಾಕಿತು. ತಂತ್ರಾಂಶವನ್ನು ತಿದ್ದಿ ಇತರರಿಗೆ ಕೊಡುವವನು ಅದೇ ಹಕ್ಕುಗಳನ್ನು ಅವರಿಗೂ ಕೊಡಲೇಬೇಕು ಎಂಬುದು ಅದರ ತಿರುಳು.

ಆದರೆ ಯಂತ್ರವನ್ನೇ ನಡೆಸುವ ತಿರುಳುಭಾಗ, ಅಂದರೆ ಕರ್ನೆಲ್, ಸಿದ್ಧವಾಗಿರಲಿಲ್ಲ. ಅದನ್ನು ತುಂಬಿಕೊಟ್ಟವರು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್. 1991ರಲ್ಲಿ 21ರ ಹರೆಯದಲ್ಲಿ ಅವರು ಬರೆದು ಹಂಚಿದ ಮೊದಲ ಆವೃತ್ತಿ ಸುಮಾರು ಹತ್ತು ಸಾವಿರ ಸಾಲುಗಳಷ್ಟೇ. ಮರುವರ್ಷ ಅವರು ಅದನ್ನು ಜಿ.ಪಿ.ಎಲ್. ಅಡಿಗೆ ತಂದರು. ಎರಡು ಕಡೆ ಹುಟ್ಟಿದ ಕೆಲಸ ಹೀಗೆ ಒಂದಾಯಿತು.

ಕಪ್ಪು ಪರದೆಯಿಂದ ಚಿತ್ರದ ಪರದೆಗೆ

ಅಂದಿನ ಲಿನಕ್ಸನ್ನು ಯಂತ್ರಕ್ಕೆ ಹಾಕುವುದು ಎಲ್ಲರಿಂದ ಆಗುವ ಕೆಲಸವಾಗಿರಲಿಲ್ಲ. 1993ರಲ್ಲಿ ಬಂದ ಸ್ಲಾಕ್‌ವೇರ್‌ನ ಮೊದಲ ಆವೃತ್ತಿಗೆ 24 ಫ್ಲಾಪಿಗಳು ಬೇಕಾಗಿದ್ದವು. ಒಂದೊಂದಾಗಿ ತೂರಿಸಬೇಕು, ಒಂದು ಕೆಟ್ಟರೆ ಕೆಲಸ ಅಲ್ಲಿಗೇ ನಿಂತಿತು. ಹಾರ್ಡ್ ಡಿಸ್ಕನ್ನು ಕೈಯಾರೆ ಭಾಗ ಮಾಡಬೇಕಿತ್ತು. ಅಂಕೆಯೊಂದು ತಪ್ಪಿದರೆ ಅದುವರೆಗಿನ ಲೆಕ್ಕಪತ್ರ, ಫೋಟೋ ಎಲ್ಲವೂ ಅಳಿಸಿಹೋಗುತ್ತಿತ್ತು.

ಚಿತ್ರದ ಪರದೆಯನ್ನು ತೆರೆಯುವುದು ಇನ್ನೂ ಕಷ್ಟ. ಕಿಟಕಿಗಳನ್ನು ಬಿಡಿಸುವ ಎಕ್ಸ್ ಎಂಬ ವ್ಯವಸ್ಥೆ ಎಂ.ಐ.ಟಿ.ಯಲ್ಲಿ 1984ರಲ್ಲೇ ಹುಟ್ಟಿತ್ತು. ಆದರೆ ಮನೆಯ ಯಂತ್ರದಲ್ಲಿ ಅದು ಏಳಬೇಕಾದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬಿಡಿಸಬಲ್ಲದು ಎಂಬುದನ್ನು ಕೈಪಿಡಿಯಲ್ಲಿ ಹುಡುಕಿ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಹಾಳಾಗಬಹುದೆಂಬ ಎಚ್ಚರಿಕೆ ಇತ್ತು. ಸಾಲ ಮಾಡಿ ಯಂತ್ರ ಕೊಂಡವರು ಅಂತಹ ಎಚ್ಚರಿಕೆಯನ್ನು ಓದಿದ ಮೇಲೆ ಮುಂದುವರಿಯುವರೇ?

ಈ ಗೋಡೆಯನ್ನು ಒಡೆಯಲು ಇಬ್ಬಗೆಯ ಪ್ರಯತ್ನಗಳು ನಡೆದವು. 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿದ್ಯಾರ್ಥಿ ಮತಿಯಾಸ್ ಎಟ್ರಿಶ್, ಸಾಮಾನ್ಯ ಬಳಕೆದಾರರಿಗಾಗಿ ಕೆ.ಡಿ.ಇ. ಎಂಬ ಗಣಕತೆರೆಯನ್ನು ಕಟ್ಟಲು ಕರೆ ಕೊಟ್ಟರು. ಅದು ಕ್ಯೂಟಿ ಎಂಬ ನಾರ್ವೆ ಕಂಪೆನಿಯೊಂದರ ಸಲಕರಣೆಯನ್ನು ನೆಚ್ಚಿಕೊಂಡಿತ್ತು. ಅದರ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಮುಕ್ತ ಮನೆಗೆ ಬೀಗವಿರುವ ಬಾಗಿಲೇಕೆ ಎಂದು ಕೇಳಿದವರು, ಮೆಕ್ಸಿಕೋದ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೋ ಮೆನಾ ಅವರ ಮುಂದಾಳುತನದಲ್ಲಿ 1997ರಲ್ಲಿ ಗ್ನೋಮ್ ಯೋಜನೆಯನ್ನು ಆರಂಭಿಸಿದರು. 2000ದಲ್ಲಿ ಕ್ಯೂಟಿಯೂ ಜಿ.ಪಿ.ಎಲ್. ಅಡಿಗೆ ಬಂತು. ಜಗಳ ತಣ್ಣಗಾಯಿತು. ಜಗತ್ತಿಗೆ ಒಂದರ ಬದಲು ಎರಡು ಗಣಕತೆರೆಗಳು ದಕ್ಕಿದವು.

ಅನುಸ್ಥಾಪನೆಯೂ ಸುಲಭವಾಗುತ್ತ ಬಂತು. 1999ರಲ್ಲಿ ಕಾಲ್ಡೆರಾ ಎಂಬ ಕಂಪೆನಿಯ ಲಿನಕ್ಸ್, ಕಡತಗಳು ನಕಲಾಗುವಾಗ ಬೇಸರವಾಗದಿರಲೆಂದು ಪರದೆಯಲ್ಲಿ ಟೆಟ್ರಿಸ್ ಆಟ ಆಡಲು ಬಿಟ್ಟಿತು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಂತ್ರದಲ್ಲಿರುವ ಯಾವುದನ್ನೂ ಮುಟ್ಟದೆ ಸಿ.ಡಿ.ಯಿಂದಲೇ ಇಡೀ ಗಣಕತೆರೆ ತೆರೆದುಕೊಳ್ಳುತ್ತಿತ್ತು. ನೋಡಿ ಮೆಚ್ಚಿದರೆ ಮುಂದಿನ ಮಾತು. ಸಾಮಾನ್ಯರ ಮನಸ್ಸಿನ ಭಯವನ್ನು ಇಷ್ಟು ತೆಗೆದುಹಾಕಿದ ಉಪಾಯ ಇನ್ನೊಂದಿಲ್ಲವೆನ್ನಬಹುದು.

2004ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಅವರ ಬೆಂಬಲದಿಂದ ಉಬುಂಟು ಬಂತು. 2006ರ ಜೂನ್‌ನ ಆವೃತ್ತಿಯಲ್ಲಿ ಈ ಎರಡೂ ದಾರಿಗಳು ಕೂಡಿದವು: ಸಿ.ಡಿ.ಯಿಂದ ತೆರೆದು ನೋಡಿ, ಅದೇ ಪರದೆಯಿಂದ ಭಾಷೆ, ಊರು, ಕೀಲಿಮಣೆ, ಹೆಸರು, ಗುಪ್ತಪದ ಕೊಟ್ಟರೆ ಅನುಸ್ಥಾಪನೆ ಮುಗಿಯಿತು. ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುವ ಕ್ರಮವೂ 2011ರವರೆಗೆ ನಡೆಯಿತು. ದೊಡ್ಡ ಕಡತವನ್ನು ಇಳಿಸಿಕೊಳ್ಳಲು ದಿನಗಟ್ಟಲೆ ಬೇಕಾಗುತ್ತಿದ್ದ ನಮ್ಮ ಊರುಗಳಿಗೆ ಅದು ಸಣ್ಣ ಉಪಕಾರವಲ್ಲ.

ಭಾರತದ ನೆಲದಲ್ಲಿ

ನಮ್ಮ ದೇಶದಲ್ಲಿ 1996ರಲ್ಲೇ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ.ಯನ್ನು ಓದುಗರಿಗೆ ಕೊಟ್ಟಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್, ಮುಂದೆ ಬೆಂಗಳೂರಿನಲ್ಲಿ 2001ರಿಂದ ನಡೆದ ಲಿನಕ್ಸ್ ಸಮಾವೇಶಗಳಿಗೂ ಮುಂದಾಳಾದರು. ಅದೇ ವರ್ಷದ ಜುಲೈನಲ್ಲಿ ತಿರುವನಂತಪುರದಲ್ಲಿ ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ ಆರಂಭವಾಯಿತು. ಕೇರಳದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಅಲ್ಲಿ ಸಾವಿರಾರು ಶಿಕ್ಷಕರು ತರಬೇತಿ ಪಡೆದರು. ಶಾಲೆಯ ಮಕ್ಕಳು ಮಲಯಾಳದ ಪರದೆಯ ಮುಂದೆ ಕುಳಿತರು.

ಕನ್ನಡದ ಪರದೆ ಸಿದ್ಧವಾದದ್ದು ಹೆಚ್ಚಾಗಿ ಸ್ವಯಂಸೇವಕರ ದುಡಿಮೆಯಿಂದ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ಥಾನವಿತ್ತು. ಆದರೆ ಸ್ಥಾನವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಅರ್ಕಾವೊತ್ತು ಉಚ್ಚಾರಣೆಯಲ್ಲಿ ಮೊದಲು ಬಂದರೂ ಬರಹದಲ್ಲಿ ಹಿಂದೆ ನಿಲ್ಲುತ್ತದೆ. ಇದನ್ನೆಲ್ಲ ಪಾಂಗೋ ಎಂಬ ಮುಕ್ತ ತಂತ್ರಾಂಶಕ್ಕೆ ಕಲಿಸಬೇಕಾಯಿತು. ಬಲದಿಂದ ಎಡಕ್ಕೆ ಸಾಗುವ ಅರಬಿ, ಉರ್ದು ಬರಹವನ್ನೂ ಅದೇ ಪಾಂಗೋ ಸಂಭಾಳಿಸುತ್ತದೆ. ಒಂದೇ ಪುಟದಲ್ಲಿ ಕನ್ನಡವೂ ಉರ್ದುವೂ ಬೇಕಾಗುವ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಮುಕ್ತ ಅಕ್ಷರಶೈಲಿಗಳು ಬಂದವು. ದಕ್ಷಿಣ ಕನ್ನಡದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನೊಳಗೂ ಸೇರಿತು. ಅನುವಾದಕರು ಸಾವಿರಾರು ಸಣ್ಣ ವಾಕ್ಯಗಳನ್ನು ಕನ್ನಡಕ್ಕೆ ತಂದರು. ಫೈಲ್ ಕಡತವಾಯಿತು, ವಿಂಡೋ ಕಿಟಕಿಯಾಯಿತು, ಪಾಸ್‌ವರ್ಡ್ ಗುಪ್ತಪದವಾಯಿತು. ಅನುಸ್ಥಾಪನೆಯಂಥ ಪದ ಇಂದಿಗೂ ಕೆಲವರ ಗಂಟಲಿಗೆ ತೊಡಕು. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಒಂದು ಪದ ಹಿಡಿಸದಿದ್ದರೆ ಬೇರೆ ಪದ ಸೂಚಿಸಿ ತಿದ್ದಿಸುವ ಅವಕಾಶ ಯಾವ ಕನ್ನಡಿಗನಿಗೂ ಇಲ್ಲಿದೆ. ಬೇರೊಬ್ಬರ ಬೀಗದೊಳಗಿನ ತಂತ್ರಾಂಶದಲ್ಲಿ ನಮ್ಮ ಭಾಷೆಗೆ ಜಾಗ ಸಿಗುವುದು ಕಂಪೆನಿಗೆ ಲಾಭ ಕಂಡಾಗ ಮಾತ್ರ.

ಸೋಲಿನ ಪಾಠ

ಇಷ್ಟಾದರೂ ಮನೆ, ಕಚೇರಿಗಳ ಗಣಕತೆರೆಯನ್ನು ಲಿನಕ್ಸ್ ಗೆದ್ದುಕೊಂಡಿತೆಂದು ಹೇಳಲಾಗದು. ಜರ್ಮನಿಯ ಮ್ಯೂನಿಕ್ ನಗರಾಡಳಿತ ತನ್ನ ಸುಮಾರು 14 ಸಾವಿರ ಯಂತ್ರಗಳನ್ನು ಲಿನಕ್ಸ್‌ಗೆ ಬದಲಿಸಲು 2003ರಲ್ಲಿ ನಿರ್ಧರಿಸಿತು. ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2017ರಲ್ಲಿ ಅದೇ ನಗರಾಡಳಿತ ವಿಂಡೋಸ್‌ಗೆ ಮರಳಲು ಮತ ಹಾಕಿತು. ಹೊರಗಿನ ಕಚೇರಿಗಳ ಕಡತಗಳು ಸರಿಯಾಗಿ ತೆರೆಯದ ದೂರು, ಸಿಬ್ಬಂದಿಯ ಅಸಮಾಧಾನ, ಬದಲಾದ ರಾಜಕೀಯ ಎಲ್ಲವೂ ಆ ಚರ್ಚೆಯಲ್ಲಿದ್ದವು. ಅನುಸ್ಥಾಪನೆ ಒಂದು ಗಂಟೆಯ ಕೆಲಸ, ಅಭ್ಯಾಸ ಬದಲಿಸುವುದು ವರ್ಷಗಳ ಕೆಲಸ ಎಂಬುದನ್ನು ಮ್ಯೂನಿಕ್ ತೋರಿಸಿಕೊಟ್ಟಿತು. ಕೇರಳದಲ್ಲಿ ಈ ಪ್ರಯತ್ನ ಉಳಿಯಲು ಯಂತ್ರಗಳಿಗಿಂತ ಮೊದಲು ಶಿಕ್ಷಕರನ್ನು ಸಿದ್ಧಗೊಳಿಸಿದ್ದು ದೊಡ್ಡ ಕಾರಣ ಎಂದು ನಾವು ಭಾವಿಸುತ್ತೇವೆ.

ಇಂದು ಈ ವಿಚಾರ ಮತ್ತೆ ನಮ್ಮ ಬಾಗಿಲಿಗೆ ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ಆವೃತ್ತಿ ಅನೇಕ ಹಳೆಯ ಯಂತ್ರಗಳಲ್ಲಿ ಅಧಿಕೃತವಾಗಿ ನಡೆಯುವುದಿಲ್ಲ. ನಮ್ಮ ಶಾಲೆ, ಮದರಸ, ಗ್ರಂಥಾಲಯಗಳ ಮೂಲೆಯಲ್ಲಿ ಇಂತಹ ಯಂತ್ರಗಳು ಧೂಳು ತಿನ್ನುತ್ತಿಲ್ಲವೇ? ಹಗುರವಾದ ಲಿನಕ್ಸ್ ಒಂದನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಮೊದಲು ಏನನ್ನೂ ಅಳಿಸದೆ ತೆರೆದು ನೋಡಬಹುದು. ಬೇಕಾದ ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಅನುಸ್ಥಾಪಿಸಬಹುದು. ಮುದ್ರಣಯಂತ್ರ ಕೆಲಸ ಮಾಡುವುದೇ, ಕನ್ನಡ ಟೈಪಿಸಲು ಬರುವುದೇ ಎಂಬುದನ್ನು ಮುಂಚೆಯೇ ಪರೀಕ್ಷಿಸಿಕೊಂಡರೆ ಮ್ಯೂನಿಕ್‌ನ ಪಾಡು ನಮಗೆ ಬರಲಾರದು.

ಹಂಚಿದಷ್ಟೂ ಹೆಚ್ಚುವ ಸೊತ್ತು ವಿದ್ಯೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಪರವಾನಗಿಯಲ್ಲಿ ಬರೆದಿಟ್ಟ ತಂತ್ರಾಂಶವೊಂದು ಕೈಗೆಟಕುವಷ್ಟು ಹತ್ತಿರದಲ್ಲಿರುವಾಗ ಒಂದು ಬಡ ಶಾಲೆಗಾದರೂ ಅದನ್ನು ತಲುಪಿಸುವ ಹೊಣೆ ಬಲ್ಲವರ ಮೇಲಿದೆ.