ಹಿಮಪ್ರದೇಶಗಳಲ್ಲಿ ಕಾರಿನ ಸಸ್ಪೆನ್ಶನ್ ಸುಧಾರಣೆ

ಹಿಮಪ್ರದೇಶಗಳಲ್ಲಿ ಕಾರಿನ ಸಸ್ಪೆನ್ಶನ್ ಸುಧಾರಣೆ ಎಂದರೆ, ಹಿಮ ಬೀಳುವ ಹಾಗೂ ರಸ್ತೆಗಳಿಗೆ ಉಪ್ಪು ಎರಚುವ ನಾಡುಗಳಲ್ಲಿ ದಿನನಿತ್ಯ ಓಡುವ ಕಾರಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್ ಮೊದಲಾದ ಭಾಗಗಳನ್ನು ಅಲ್ಲಿನ ಹವೆಗೆ ತಕ್ಕಂತೆ ಬದಲಾಯಿಸುವ ಕ್ರಮವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗ ಮತ್ತು ಮಹಾಸರೋವರಗಳ ಪ್ರದೇಶ, ಕೆನಡಾ ಹಾಗೂ ಉತ್ತರ ಯುರೋಪಿನ ದೇಶಗಳಲ್ಲಿ ಇದು ವಾಹನ ಮಾಲೀಕರ ಸಾಮಾನ್ಯ ಚಿಂತನೆಯ ವಿಷಯ. ಸ್ಪರ್ಧಾವಾಹನಗಳಲ್ಲಿ ಸಸ್ಪೆನ್ಶನ್ ಸುಧಾರಣೆಯೆಂದರೆ ಬಹುಮಟ್ಟಿಗೆ ಕಾರನ್ನು ತಗ್ಗಿಸಿ ಬಿಗಿಗೊಳಿಸುವುದೇ ಆಗಿದೆ. ಹಿಮಪ್ರದೇಶದ ದಿನಬಳಕೆಯ ಕಾರಿಗೆ ಬೇಕಾದದ್ದು ಇದಕ್ಕಿಂತ ಭಿನ್ನ. ಚಕ್ರವು ರಸ್ತೆಯನ್ನು ಬಿಡದೆ ಹಿಡಿದಿರುವುದು, ಹಿಮಕ್ಕೂ ಗುಂಡಿಗೂ ಸಾಕಷ್ಟು ಎತ್ತರವಿರುವುದು, ಭಾಗಗಳು ತುಕ್ಕಿಗೆ ಬಲಿಯಾಗದಿರುವುದು ಇಲ್ಲಿ ಮುಖ್ಯವಾಗುತ್ತವೆ.

ರಚನೆ ಮತ್ತು ಕಾರ್ಯ

ಕಾರಿನ ಒಡಲನ್ನು ಚಕ್ರಗಳಿಗೆ ಜೋಡಿಸುವ ವ್ಯವಸ್ಥೆಗೆ ಸಸ್ಪೆನ್ಶನ್ ಎನ್ನುತ್ತಾರೆ. ಇದರ ಪ್ರಧಾನ ಅಂಗಗಳು ಹೀಗಿವೆ:

- ಸ್ಪ್ರಿಂಗ್: ಕಾರಿನ ಭಾರವನ್ನು ಹೊರುತ್ತದೆ; ರಸ್ತೆಯ ಏರುತಗ್ಗಿಗೆ ಕುಗ್ಗಿ ಹಿಗ್ಗುತ್ತದೆ. ಸ್ಪ್ರಿಂಗಿನ ಹಿಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು.
- ಶಾಕ್ ಅಬ್ಸಾರ್ಬರ್: ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಇದರೊಳಗಿನ ತೈಲವು ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ.
- ಸ್ಟೆಬಿಲೈಸರ್ ಬಾರ್: ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು. ತಿರುವಿನಲ್ಲಿ ಒಡಲು ವಾಲುವುದನ್ನು ಕಡಿಮೆ ಮಾಡುತ್ತದೆ.
- ಆರ್ಮ್, ಬಾಲ್ ಜಾಯಿಂಟ್ ಮತ್ತು ಬುಷ್: ಚಕ್ರದ ಚಲನೆಗೆ ದಿಕ್ಕು ತೋರುವ ತೋಳುಗಳು ಹಾಗೂ ಅವುಗಳ ಕೀಲುಗಳು.

ಇಂದಿನ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳ ಮುಂಭಾಗದಲ್ಲಿ ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ರಚನೆ ಕಂಡುಬರುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಕೂಡಿರುತ್ತವೆ. 1950ರಲ್ಲಿ ಪ್ರಕಟವಾದ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಇದನ್ನು ಬಳಸಿದ ಆರಂಭದ ಕಾರುಗಳಲ್ಲಿ ಸೇರಿವೆ.

ಚಳಿಯ ಪರಿಣಾಮಗಳು

ಉಕ್ಕಿನ ಸ್ಪ್ರಿಂಗಿನ ಬಿಗಿತವು ಚಳಿಯಿಂದ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದರೆ ಶಾಕ್ ಅಬ್ಸಾರ್ಬರಿನ ತೈಲವು ದಪ್ಪವಾಗುತ್ತದೆ, ರಬ್ಬರ್ ಬುಷ್‌ಗಳು ಗಡುಸಾಗುತ್ತವೆ. ಆದ್ದರಿಂದ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಗಿನ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಒರಟಾಗಿ ಓಡುತ್ತದೆ. ತೈಲ ಬೆಚ್ಚಗಾದಂತೆ ಸಹಜ ಸ್ಥಿತಿಗೆ ಮರಳುತ್ತದೆ. ಬೇಸಿಗೆಯಲ್ಲಿಯೇ ಗಡುಸೆನಿಸುವ ಶಾಕ್ ಅಬ್ಸಾರ್ಬರುಗಳನ್ನು ಅಳವಡಿಸಿದರೆ ಚಳಿಗಾಲದಲ್ಲಿ ಈ ಒರಟುತನವು ಇನ್ನೂ ಹೆಚ್ಚುತ್ತದೆ.

ರಸ್ತೆಯ ಸ್ಥಿತಿಯೂ ಹದಗೆಡುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರವು ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಡಾಂಬರಿನ ಬಿರುಕುಗಳಿಗೆ ಇಳಿದ ನೀರು ಪದೇ ಪದೇ ಹೆಪ್ಪುಗಟ್ಟಿ ಕರಗುವುದರಿಂದ ರಸ್ತೆ ಉಬ್ಬಿ ಒಡೆಯುತ್ತದೆ. ಚಳಿಗಾಲದ ಕೊನೆ ಮತ್ತು ವಸಂತದ ಆರಂಭದಲ್ಲಿ ಗುಂಡಿಗಳು ಹೆಚ್ಚಾಗುವುದಕ್ಕೆ ಇದೇ ಕಾರಣ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಡಿತದ ಕೊರತೆ. ಒಣ ಡಾಂಬರಿನ ಮೇಲೆ ಟೈರಿಗೆ ದೊರೆಯುವ ಘರ್ಷಣೆಯ ಸಣ್ಣದೊಂದು ಪಾಲು ಮಾತ್ರ ಮಂಜುಗಡ್ಡೆಯ ಮೇಲೆ ದೊರೆಯುತ್ತದೆ. ಆದುದರಿಂದ ಜಾರುವ ರಸ್ತೆಯಲ್ಲಿ ಯಾವ ಕಾರೂ ವೇಗವಾಗಿ ತಿರುಗಲಾರದು. ವೇಗವಾಗಿ ತಿರುಗದ ಕಾರು ಹೆಚ್ಚಾಗಿ ವಾಲುವುದೂ ಇಲ್ಲ. ವಾಲುವಿಕೆಯನ್ನು ತಡೆಯಲೆಂದು ಸಸ್ಪೆನ್ಶನ್ನನ್ನು ಬಿಗಿಗೊಳಿಸಿದರೆ ಹಿಮದ ಮೇಲೆ ಲಾಭವೇನೂ ಆಗದು. ಬದಲಾಗಿ ಹೆಪ್ಪುಗಟ್ಟಿದ ಹಿಮದ ಏರುತಗ್ಗುಗಳ ಮೇಲೆ ಚಕ್ರವು ಪುಟಿದು, ಇರುವ ಅಲ್ಪ ಹಿಡಿತವೂ ತಪ್ಪಿಹೋಗಬಹುದು.

ಉಪ್ಪು ಮತ್ತು ತುಕ್ಕು

ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ನೀರಿನ ಘನೀಭವನ ಬಿಂದುವನ್ನು ಇಳಿಸುತ್ತದೆ. ಸುಮಾರು ಶೇಕಡ 23ರಷ್ಟು ಉಪ್ಪಿರುವ ದ್ರಾವಣವು −21 ಡಿಗ್ರಿ ಸೆಲ್ಸಿಯಸ್‌ವರೆಗೆ ದ್ರವವಾಗಿಯೇ ಉಳಿಯಬಲ್ಲದು. ಆದರೆ ರಸ್ತೆಯ ಮೇಲೆ ಉಪ್ಪಿನ ಪರಿಣಾಮವು −10 ಡಿಗ್ರಿಯ ಆಸುಪಾಸಿನಲ್ಲಿಯೇ ಬಹಳಷ್ಟು ಕುಂದುತ್ತದೆ. ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡನ್ನು ಬಳಸಲಾಗುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯವು 1940ರ ದಶಕದ ಆರಂಭದಲ್ಲಿಯೇ ರಸ್ತೆಗಳಿಗೆ ಉಪ್ಪು ಬಳಸುವ ನೀತಿಯನ್ನು ಅನುಸರಿಸಿತು. ಎರಡನೆಯ ಮಹಾಯುದ್ಧದ ನಂತರ ಈ ಪದ್ಧತಿಯು ವ್ಯಾಪಕವಾಯಿತು. ಉಪ್ಪಿನ ಬಳಕೆ ಹೆಚ್ಚಿರುವ ರಾಜ್ಯಗಳನ್ನು ಅಲ್ಲಿ 'ಸಾಲ್ಟ್ ಬೆಲ್ಟ್', ಅಂದರೆ ಉಪ್ಪಿನ ಪಟ್ಟಿ ಎಂದು ಕರೆಯುತ್ತಾರೆ.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಳೆಹಿಮಗಳಿಲ್ಲದ ದಿನಗಳಲ್ಲಿಯೂ ತುಕ್ಕಿನ ಕ್ರಿಯೆ ನಡೆಯುತ್ತಲೇ ಇರುತ್ತದೆ. ಉಷ್ಣತೆ ಹೆಚ್ಚಿದಂತೆ ಈ ಕ್ರಿಯೆಯ ವೇಗವೂ ಹೆಚ್ಚುತ್ತದೆ. ಹಾಗಾಗಿ ಉಪ್ಪು ಮೆತ್ತಿದ ಕಾರನ್ನು ತೊಳೆಯದೆ ಬಿಸಿಯಾದ ಗ್ಯಾರೇಜಿನಲ್ಲಿ ನಿಲ್ಲಿಸುವುದು ಅದಕ್ಕೆ ರಕ್ಷಣೆಯಾಗದೆ ಹಾನಿಯಾಗಿ ಪರಿಣಮಿಸಬಹುದು. ಮಂಗಳೂರು, ಕಾರವಾರಗಳಂತಹ ಕಡಲತೀರದ ಊರುಗಳಲ್ಲಿ ವಾಹನಗಳ ತಳಭಾಗಕ್ಕೆ ಬೇಗ ತುಕ್ಕು ಹಿಡಿಯಲು ಕಡಲಗಾಳಿಯಲ್ಲಿರುವ ಇದೇ ಕ್ಲೋರೈಡ್ ಕಾರಣ.

ಸುರುಳಿ ಸ್ಪ್ರಿಂಗಿನ ಕೆಳತುದಿಯು ಬಟ್ಟಲಿನಂತಹ ಆಸನದಲ್ಲಿ ಕುಳಿತಿರುವುದರಿಂದ ಅಲ್ಲಿ ಉಪ್ಪುನೀರು ನಿಲ್ಲುತ್ತದೆ. ಬಣ್ಣದ ಹೊದಿಕೆ ಕಿತ್ತಲ್ಲಿ ತುಕ್ಕು ಸಣ್ಣ ಕುಳಿಗಳನ್ನು ಮಾಡುತ್ತದೆ. ಮುಂದೊಂದು ದಿನ ಗುಂಡಿಯ ಹೊಡೆತಕ್ಕೆ ಸ್ಪ್ರಿಂಗ್ ಆ ಜಾಗದಲ್ಲಿಯೇ ತುಂಡಾಗಬಹುದು. ಮುರಿದ ತುದಿಯು ಟೈರನ್ನು ಸೀಳುವ ಅಪಾಯವೂ ಇದೆ. ತುಕ್ಕು ಎಷ್ಟು ಗಂಭೀರ ಸಮಸ್ಯೆ ಎಂಬುದಕ್ಕೆ 2010ರ ಒಂದು ಪ್ರಕರಣವು ನಿದರ್ಶನವಾಗಿದೆ. ಆ ವರ್ಷ ಫೋರ್ಡ್ ಸಂಸ್ಥೆಯು ಉಪ್ಪು ಬಳಸುವ ರಾಜ್ಯಗಳಲ್ಲಿದ್ದ 1998ರಿಂದ 2003ರ ಮಾದರಿಯ ವಿಂಡ್‌ಸ್ಟಾರ್ ವಾಹನಗಳನ್ನು, ಹಿಂದಿನ ಆಕ್ಸಲ್ ತುಕ್ಕಿನಿಂದ ಮುರಿಯಬಹುದೆಂಬ ಕಾರಣಕ್ಕೆ ದುರಸ್ತಿಗೆಂದು ಹಿಂದಕ್ಕೆ ಕರೆಸಿಕೊಂಡಿತು.

ಆಯ್ಕೆಯ ಕ್ರಮ

ಮೊದಲ ಹಂತ: ಪರಿಶೀಲನೆ

ಹಳೆಯ ಕಾರಿನ ಮಟ್ಟಿಗೆ ಅತ್ಯಂತ ಪರಿಣಾಮಕಾರಿಯಾದ ಸುಧಾರಣೆಯೆಂದರೆ ಸವೆದ ಭಾಗಗಳನ್ನು ಬದಲಾಯಿಸುವುದು. ತೈಲ ಸೋರುವ ಶಾಕ್ ಅಬ್ಸಾರ್ಬರ್, ಬಿರುಕುಬಿಟ್ಟ ಬುಷ್, ಸಡಿಲವಾದ ಬಾಲ್ ಜಾಯಿಂಟ್, ಹರಿದ ಧೂಳುಕವಚ, ಅಲ್ಲಲ್ಲಿ ಮಾತ್ರ ಸವೆದ ಟೈರು ಇವು ಗಮನಿಸಬೇಕಾದ ಲಕ್ಷಣಗಳು. ಸಡಿಲವಾದ ಕೀಲುಗಳನ್ನು ಹಾಗೆಯೇ ಬಿಟ್ಟು ಬೆಲೆಬಾಳುವ ಸ್ಪ್ರಿಂಗುಗಳನ್ನು ಹಾಕಿದರೆ ಕಾರಿನ ನಡೆ ಸುಧಾರಿಸುವುದಿಲ್ಲ. ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರವೇ ಹತೋಟಿ ತಪ್ಪುವುದರಿಂದ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯವೂ ಹೌದು.

ಎರಡನೆಯ ಹಂತ: ಟೈರು

ರಸ್ತೆಯನ್ನು ಮುಟ್ಟುವುದು ಟೈರು ಮಾತ್ರ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ಟೈರಿನ ರಬ್ಬರ್ ಗಡುಸಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತುವಾಗಿಯೇ ಉಳಿಯುತ್ತದೆ. ಬ್ರೇಕಿಗೆ ಅಡ್ಡಿಯಾಗದಿದ್ದರೆ ಚಳಿಗಾಲಕ್ಕೆ ಸ್ವಲ್ಪ ಚಿಕ್ಕ ರಿಮ್ ಹಾಗೂ ಎತ್ತರದ ಪಕ್ಕೆಯುಳ್ಳ ಟೈರನ್ನು ಆರಿಸುವ ರೂಢಿಯಿದೆ. ಹೊರಸುತ್ತಳತೆ ಬದಲಾಗದಂತೆ ನೋಡಿಕೊಂಡರೆ, ಎತ್ತರದ ಪಕ್ಕೆಯು ಗುಂಡಿಯ ಹೊಡೆತವನ್ನು ತಾಳಿಕೊಂಡು ರಿಮ್ಮನ್ನೂ ಸಸ್ಪೆನ್ಶನ್ನನ್ನೂ ಕಾಪಾಡುತ್ತದೆ.

ಮೂರನೆಯ ಹಂತ: ಶಾಕ್ ಅಬ್ಸಾರ್ಬರ್

ಕಾರಿನ ಮೂಲ ಸ್ಪ್ರಿಂಗುಗಳನ್ನು ಉಳಿಸಿಕೊಂಡು ಉತ್ತಮ ಗುಣಮಟ್ಟದ ಶಾಕ್ ಅಬ್ಸಾರ್ಬರುಗಳನ್ನು ಅಳವಡಿಸುವುದು ದಿನಬಳಕೆಗೆ ಸಮತೋಲದ ಆಯ್ಕೆ. ಇವುಗಳಲ್ಲಿ ಎರಡು ಬಗೆಗಳಿವೆ. ಜೋಡಿಕೊಳವೆಯದರಲ್ಲಿ ಕೆಲಸ ಮಾಡುವ ಕೊಳವೆಯು ಮತ್ತೊಂದು ಕೊಳವೆಯ ಒಳಗಿರುತ್ತದೆ. ಇದು ಅಗ್ಗ, ಹಾಗೂ ಹೊರಗಿನ ಸಣ್ಣ ಪೆಟ್ಟಿಗೆ ಅಷ್ಟಾಗಿ ಜಗ್ಗುವುದಿಲ್ಲ. ಒಂಟಿಕೊಳವೆಯದರಲ್ಲಿ ಹೆಚ್ಚು ಒತ್ತಡದ ಅನಿಲವಿರುತ್ತದೆ. ಶಾಖವನ್ನು ಬೇಗ ಹೊರಗೆಡಹುತ್ತದೆ. ಆದರೆ ಅದರ ಹೊರಗೋಡೆಯ ಒಳಬದಿಯಲ್ಲಿಯೇ ಪಿಸ್ಟನ್ ಜಾರುವುದರಿಂದ ಕಲ್ಲು ಅಥವಾ ಮಂಜುಗಡ್ಡೆ ಬಡಿದು ಗೋಡೆ ತಗ್ಗಾದರೆ ಕೆಡುತ್ತದೆ. ಬಗೆ ಯಾವುದೇ ಆಗಿರಲಿ, ಪಿಸ್ಟನ್ ದಂಡಕ್ಕೆ ತುಕ್ಕು ಹಿಡಿದರೆ ಸೀಲು ಹರಿದು ತೈಲ ಸೋರುತ್ತದೆ. ಆದ್ದರಿಂದ ದಂಡವನ್ನು ಮುಚ್ಚುವ ರಬ್ಬರ್ ಕವಚವನ್ನು ಕೈಬಿಡಬಾರದು.

ನಾಲ್ಕನೆಯ ಹಂತ: ಸ್ಪ್ರಿಂಗ್ ಮತ್ತು ಎತ್ತರ

ಕಾರನ್ನು ತಗ್ಗಿಸುವ ಸ್ಪ್ರಿಂಗುಗಳು ನೋಟಕ್ಕೆ ಚೆಂದವಾದರೂ ಚಕ್ರವು ಮೇಲೇಳಲು ಇರುವ ಅವಕಾಶವನ್ನು ಕಿರಿದಾಗಿಸುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಹೆಚ್ಚು ತಗ್ಗಿಸಿದರೆ ಕೆಳತೋಳಿನ ಓರೆ ಬದಲಾಗಿ, ಒಡಲು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಇದರಿಂದ ವಾಲಿಸುವ ಬಲವು ಕಡಿಮೆಯಾಗುವ ಬದಲು ಹೆಚ್ಚಲೂಬಹುದು. ಹೊಸ ಹಿಮ ಬಿದ್ದ ರಸ್ತೆಯಲ್ಲಿ ತಗ್ಗಾದ ಕಾರಿನ ತಳವು ಹಿಮವನ್ನು ತಳ್ಳತೊಡಗಿದರೆ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಕಾರು ಸಿಕ್ಕಿಕೊಳ್ಳುತ್ತದೆ. ಹಿಮಸರಪಣಿ ಕಟ್ಟಲು ಬೇಕಾದ ಜಾಗವೂ ಕಡಿಮೆಯಾಗುತ್ತದೆ. ಆದ್ದರಿಂದ ಮೂಲ ಎತ್ತರವನ್ನು ಉಳಿಸಿಕೊಳ್ಳುವುದೇ ಲೇಸು.

ಕಾಯಿಲೋವರ್

ಎತ್ತರವನ್ನು ಹೊಂದಿಸಬಲ್ಲ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಜೋಡಣೆಗೆ ಕಾಯಿಲೋವರ್ ಎನ್ನುತ್ತಾರೆ. ಚಳಿಗಾಲಕ್ಕೆ ಕಾರನ್ನು ಎತ್ತರಿಸಿ ಬೇಸಿಗೆಗೆ ತಗ್ಗಿಸಬಹುದೆಂಬುದು ಇದರ ಆಕರ್ಷಣೆ. ಆದರೆ ಹೊಂದಿಸುವ ಮರೆಗಳಲ್ಲಿ ಉಪ್ಪು ತುಂಬಿ, ಎರಡು ಬೇರೆ ಬೇರೆ ಲೋಹಗಳು ಕೂಡುವಲ್ಲಿ ತುಕ್ಕು ಬಲಿತು, ಕೆಲವೇ ಚಳಿಗಾಲಗಳಲ್ಲಿ ಉಂಗುರಗಳು ಅಲುಗದಂತಾಗಬಹುದು. ಇದನ್ನೇ ಆರಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ, ಮೇಲ್ತುದಿಗೆ ಲೋಹದ ಗುಂಡುಕೀಲಿನ ಬದಲು ರಬ್ಬರಿನ ಮೌಂಟ್, ಹಾಗೂ ಮರೆಗಳಿಗೆ ಹೊದಿಕೆ ಇರುವಂತಹದು ಉತ್ತಮ.

ಬುಷ್ ಮತ್ತು ಸ್ಟೆಬಿಲೈಸರ್ ಬಾರ್

ಪಾಲಿಯುರೆಥೇನ್ ಬುಷ್‌ಗಳು ರಬ್ಬರಿಗಿಂತ ಬಿಗಿಯಾಗಿದ್ದು ಸ್ಟೀರಿಂಗಿಗೆ ಖಚಿತತೆ ತರುತ್ತವೆ. ಆದರೆ ಅವುಗಳಿಗೆ ಗ್ರೀಸ್ ಬೇಕು. ನೀರು ಮತ್ತು ಉಪ್ಪಿನಿಂದ ಗ್ರೀಸ್ ತೊಳೆದುಹೋದರೆ ಕಿರುಗುಟ್ಟುತ್ತವೆ. ದಿನಬಳಕೆಗೆ ಹೊಸ ರಬ್ಬರ್ ಬುಷ್‌ಗಳೇ ಸಾಕಾಗುತ್ತವೆ. ಹಿಂಬದಿಗೆ ದಪ್ಪವಾದ ಸ್ಟೆಬಿಲೈಸರ್ ಬಾರ್ ಹಾಕಿದರೆ ಒಣರಸ್ತೆಯಲ್ಲಿ ಕಾರು ಚುರುಕಾಗಿ ತಿರುಗುತ್ತದೆ; ಮಂಜುಗಡ್ಡೆಯ ಮೇಲೆ ಅದೇ ಬದಲಾವಣೆಯು ಹಿಂಬದಿ ಜಾರಿ ಕಾರು ತಿರುಗಿಬೀಳಲು ಎಡೆಮಾಡಿಕೊಡಬಹುದು.

ಅಳವಡಿಕೆ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಜೋಡಿಯಾಗಿಯೇ ಬದಲಾಯಿಸಲಾಗುತ್ತದೆ. ಒತ್ತಿಹಿಡಿದ ಸ್ಪ್ರಿಂಗಿನಲ್ಲಿ ಅಪಾರ ಶಕ್ತಿ ಅಡಗಿರುವುದರಿಂದ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್ಟನ್ನು ಬಿಚ್ಚುವುದು ಅಪಾಯಕರ. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರಿನ ಭಾರವು ಚಕ್ರಗಳ ಮೇಲೆ ಬಿದ್ದ ಸ್ಥಿತಿಯಲ್ಲಿಯೇ ಕೊನೆಯದಾಗಿ ಬಿಗಿಯಬೇಕು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿದಂತಿದ್ದು ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಅಗತ್ಯ. ಎತ್ತರ ಬದಲಾಗಿದ್ದರೆ ಹೆಡ್‌ಲೈಟಿನ ದಿಕ್ಕನ್ನೂ ಸರಿಪಡಿಸಬೇಕು.

ಕಾನೂನು

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ರಸ್ತೆಯಲ್ಲಿ ಚಳಿಗಾಲದ ಸ್ಥಿತಿ ಇರುವಾಗ ಅವು ಕಡ್ಡಾಯವಾಗಿದ್ದು, ಟೈರಿನ ಅಚ್ಚಿನ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು. ಜರ್ಮನಿಯಲ್ಲಿ ಸಸ್ಪೆನ್ಶನ್ ಬದಲಾವಣೆಗೆ ಭಾಗದ ಅನುಮೋದನೆ ಪತ್ರ ಅಥವಾ ಅಧಿಕೃತ ತಪಾಸಣೆ ಬೇಕಾಗುತ್ತದೆ. ಭಾರತದಲ್ಲಿ ವಾಹನಗಳ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯು ನಿಯಂತ್ರಿಸುತ್ತದೆ.

ನಿರ್ವಹಣೆ

ಚಳಿಗಾಲದುದ್ದಕ್ಕೂ ಆಗಾಗ ಕಾರಿನ ತಳಭಾಗವನ್ನು ನೀರಿನಿಂದ ತೊಳೆಯುವುದು, ಶರತ್ಕಾಲದಲ್ಲಿ ತುಕ್ಕುನಿರೋಧಕ ತೈಲವನ್ನು ಸಿಂಪಡಿಸುವುದು, ವಸಂತದಲ್ಲಿ ಗುಂಡಿಗಳ ಕಾಲ ಮುಗಿದ ಮೇಲೆ ಸ್ಪ್ರಿಂಗಿನ ಕೆಳಸುರುಳಿ, ಬಾಲ್ ಜಾಯಿಂಟ್ ಹಾಗೂ ಅಲೈನ್‌ಮೆಂಟನ್ನು ಪರೀಕ್ಷಿಸುವುದು ವಾಡಿಕೆಯಲ್ಲಿರುವ ಕ್ರಮಗಳು. ತೈಲ ಸಿಂಪಡಿಸುವಾಗ ಅದು ಬ್ರೇಕಿನ ಭಾಗಗಳಿಗೂ ರಬ್ಬರಿಗೂ ತಗಲದಂತೆ ಎಚ್ಚರ ವಹಿಸಬೇಕು.